ಏಷ್ಯಾಖಂಡದ ಸ್ತ್ರೀಯರ ವಾಲಿಬಾಲ್ ಪಂದ್ಯಾಟ

ಹುಡುಗಿಯರ ಶಾಲೆಗಳಲ್ಲಿ ಬಹು ಪ್ರಿಯವಾದ ವಾಲಿಬಾಲ್ ಆಟವನ್ನು 1895ನೆಯ ಇಸವಿಯಲ್ಲಿ ಅಮೇರಿಕಾದ ಹೋಲ್ಯೋಕ್ ಪಟ್ಟಣದ ಕ್ರೈಸ್ತ ಯುವಕರ ಸಂಘದಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ವಿಲಿಯಂ ಮಾರ್ಗನ್ನರು ಕಲ್ಪಿಸಿದರು.

ಏಷ್ಯಾದ ರಾಷ್ಟ್ರಗಳ ಸ್ತ್ರೀ ತಂಡಗಳ ಪಂದ್ಯಾಟವು 1975ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಆರಂಭವಾಯಿತು. ಮೊದಲನೆಯ ಜಯವು ಜಪಾನಿಗೆ ದೊರೆಯಿತು. 1979ರಲ್ಲಿ ಚೀನಾ ಗೆದ್ದಿತು. 1983ರಲ್ಲಿ ಜಪಾನು ಪ್ರಶಸ್ತಿಯನ್ನು ಮರಳಿ ಪಡೆಯಿತು. ತರುವಾಯ 1987ರಿಂದ 2005ರ ವರೆಗೆ ನಡೆದ ಹತ್ತು ಪಂದ್ಯಾಟಗಳಲ್ಲಿಯೂ ಚೀನಾದ ಸ್ತ್ರೀಯರೇ ಜಯಶಾಲಿಗಳಾದರು.

ಇಂಥ ಬಲಾಢ್ಯರನ್ನು ಎದುರಿಸುವವರು ಯಾರು? ಥಾಯ್ಲೆಂಡಿನ ಸ್ತ್ರೀಯರು ಎದೆಗುಂದಲಿಲ್ಲ. ಎತ್ತರದಲ್ಲಿ ಕಡಿಮೆಯಾದ ಅವರು ವೇಗವನ್ನೂ ಪರಸ್ಪರ ಹೊಂದಾಣಿಕೆಯನ್ನೂ ರೂಢಿಸಿಕೊಂಡು, 2009ರಲ್ಲಿ ಹನೋಯಿ ನಗರದ ಅಂತಿಮ ಪಂದ್ಯದಲ್ಲಿ ಚೀನಾವನ್ನು 3-1ರಿಂದ ಸೋಲಿಸಿ ಪ್ರಥಮ ಬಾರಿ ಪ್ರಶಸ್ತಿಯನ್ನು ಪಡೆದರು. 2013ರಲ್ಲಿಯೂ 2023ರಲ್ಲಿಯೂ ಸ್ವದೇಶದ ನಖೋನ್ ರಾಚಸೀಮದಲ್ಲಿ ಪುನಃ ಗೆದ್ದರು.

ಬಲೆಯ ಬಳಿ ತಡೆಯುವುದೊಂದನ್ನು ಬಿಟ್ಟರೆ, ಈ ಆಟದಲ್ಲಿ ಒಬ್ಬಳೇ ಚೆಂಡನ್ನು ಬೆನ್ನುಬೆನ್ನಿಗೆ ಎರಡು ಸಲ ಮುಟ್ಟಕೂಡದು; ಮೂರು ಏಟುಗಳೊಳಗೆ ಅದು ಬಲೆಯನ್ನು ದಾಟಬೇಕು. ಆದದರಿಂದ ಜೊತೆಗಾತಿಯ ಸಹಾಯವಿಲ್ಲದೆ ಜಯವಿಲ್ಲ. ಮಾತಾಪಿತೃಗಳೇ, ಆಟದ ಬಯಲಿನಿಂದ ಮಗಳು ತಡವಾಗಿ ಮನೆಗೆ ಬಂದಾಗ ಗದರಿಸುವ ಮುನ್ನ ಇದನ್ನು ನೆನೆಯಿರಿ.