ರಜೆಯಲ್ಲಿ ನಮ್ಮ ಮಕ್ಕಳು ಎಲ್ಲಿರುತ್ತಾರೆ

ಚಿತ್ರದುರ್ಗ ಜಿಲ್ಲೆಯ ಹಿರೇಗುಂಟನೂರು ಹೋಬಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ದಸರಾ ರಜೆಗಾಗಲಿ ಬೇಸಿಗೆ ರಜೆಗಾಗಲಿ ಶಾಲೆ ಮುಚ್ಚುವ ಮುನ್ನ ಒಂದು ಉದ್ದನೆಯ ನೋಟ್‌ಬುಕ್ ತೆಗೆದು, ಪ್ರತಿ ಮಗುವನ್ನೂ ಕರೆದು, ರಜೆಯಲ್ಲಿ ಎಲ್ಲಿಗೆ ಹೋಗ್ತೀಯ ಎಂದು ಕೇಳಿ ಬರೆದುಕೊಳ್ಳುತ್ತೇನೆ. ಇದು ಇಲಾಖೆ ಕೇಳಿದ ದಾಖಲೆಯಲ್ಲ, ಯಾವ ನಮೂನೆಗೂ ಸೇರುವುದಿಲ್ಲ. ಆದರೆ ನನ್ನ ಇಡೀ ವರ್ಷದ ಪಾಠ ಯೋಜನೆ ನಿಂತಿರುವುದು ಈ ಪುಸ್ತಕದ ಮೇಲೆ.

ಉತ್ತರಗಳು ಬಗೆಬಗೆಯಾಗಿರುತ್ತವೆ. ಹೊಳಲ್ಕೆರೆಯಲ್ಲಿ ಅಜ್ಜಿ ಮನೆ ಇದೆ ಎನ್ನುವವರು ಕೆಲವರು. ಭೀಮಸಮುದ್ರದ ಮಾವನ ಮನೆಗೆ ಹೋಗ್ತೀನಿ, ಅಲ್ಲಿ ಅಡಿಕೆ ಸುಲಿತಾರೆ ಎನ್ನುವವನೊಬ್ಬ. ಅಪ್ಪ ಅವ್ವ ಬೆಂಗಳೂರಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ, ರಜೆ ಬಿಟ್ಟ ಕೂಡಲೇ ಅಲ್ಲಿಗೆ ಎಂದು ಕಣ್ಣರಳಿಸುವ ಹುಡುಗಿ ಇದ್ದಾಳೆ. ಅಪ್ಪನ ಜೊತೆ ಕುರಿ ಹಿಂದೆ ಹೋಗುವವರಿದ್ದಾರೆ. ಕೊನೆಗೆ ಪ್ರತಿ ವರ್ಷವೂ ಒಂದಷ್ಟು ಮಕ್ಕಳು, ಹೆಚ್ಚಾಗಿ ಹೆಣ್ಣುಮಕ್ಕಳು, ನೆಲ ನೋಡಿಕೊಂಡು ಹೇಳುತ್ತಾರೆ: “ಎಲ್ಲಿಗೂ ಇಲ್ಲ ಮಿಸ್, ತಮ್ಮನ್ನ ನೋಡ್ಕೊಬೇಕು.”

ಒಂದೇ ಗಂಟೆ ಹೊಡೆದು ಎಲ್ಲರನ್ನೂ ಒಂದೇ ಗೇಟಿನಿಂದ ಕಳಿಸುತ್ತೇವೆ. ಗೇಟು ದಾಟಿದ ಮೇಲೆ ಒಬ್ಬೊಬ್ಬರ ರಜೆ ಒಂದೊಂದು ದಿಕ್ಕಿಗೆ ಹೋಗುತ್ತದೆ. ಯಾರ ರಜೆಯಲ್ಲಿ ಆಟವಿದೆ, ಯಾರದರಲ್ಲಿ ದುಡಿಮೆಯಿದೆ, ಯಾರದರಲ್ಲಿ ಹಸಿವಿದೆ ಎಂದು ತಿಳಿಯದೆ ಜೂನ್ ತಿಂಗಳ ಪಾಠ ಶುರು ಮಾಡಬಾರದು ಎನ್ನುವುದು ಈ ಶಾಲೆ ನನಗೆ ಕಲಿಸಿದ ದೊಡ್ಡ ಪಾಠ.

ಶಾಲಾ ಪ್ರಾರಂಭೋತ್ಸವ ನನಗೆ ಇಷ್ಟದ ದಿನ. ಬಾಗಿಲಿಗೆ ಮಾವಿನ ತೋರಣ, ಬಿಸಿಯೂಟದಲ್ಲಿ ಸಿಹಿ, ಹೊಸ ಪಠ್ಯಪುಸ್ತಕದ ವಾಸನೆ. ಆದರೆ ದಾಖಲಾತಿಯ ನಿಜವಾದ ಕೆಲಸ ಆ ದಿನದ್ದಲ್ಲ. ಯಾವ ಮಗು ಹಾಸ್ಟೆಲ್ಲಿಗೆ, ಯಾವ ಮಗು ಖಾಸಗಿ ಶಾಲೆಯ ವ್ಯಾನಿಗೆ, ಯಾವ ಮಗು ಮನೆಯಲ್ಲೇ ಉಳಿಯಬೇಕು ಎನ್ನುವುದನ್ನು ಮನೆಗಳಲ್ಲಿ ಮೇ ತಿಂಗಳಲ್ಲೇ ತೀರ್ಮಾನಿಸಿರುತ್ತಾರೆ. ಜೂನ್ ಮೊದಲ ವಾರದಲ್ಲಿ ಹಟ್ಟಿಗೆ ಹೋದರೆ ತೀರ್ಮಾನವಾದ ಮಾತು ಕೇಳಿ ಬರಬೇಕು. ಮೇ ಮೂರನೇ ವಾರದಲ್ಲಿ ಹೋದರೆ ಆ ತೀರ್ಮಾನದಲ್ಲಿ ನಮ್ಮದೂ ಒಂದು ಮಾತಿರುತ್ತದೆ. ನಾಲ್ಕಾರು ಮನೆಗಳ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು ಬಂದರೆ ಸಾಕು, ಒಂದನೇ ತರಗತಿಯ ಹಾಜರಿ ಪುಸ್ತಕಕ್ಕೆ ಬಲ ಬರುತ್ತದೆ.

ಮಳೆ ಹಿಡಿದರೆ ಊರಿಗೆ ಬೇರೆಯೇ ವೇಗ. ನಮ್ಮ ಕಡೆ ಮೆಕ್ಕೆಜೋಳ, ಈರುಳ್ಳಿ, ನೀರಿದ್ದವರಿಗೆ ಅಡಿಕೆ ತೋಟ. ಮುಂಗಾರಿಗೆ ಹಾಕಿದ ಈರುಳ್ಳಿ ಕೀಳುವ ಕಾಲ ಸೆಪ್ಟೆಂಬರ್, ಅಕ್ಟೋಬರ್. ಗಡ್ಡೆ ಕಿತ್ತು, ಸೊಪ್ಪು ಕೊಯ್ದು, ಚೀಲಕ್ಕೆ ತುಂಬುವ ತನಕ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕಟಾವಿನ ನಡುವೆ ಮಳೆ ಬಂದರೆ ಗಡ್ಡೆ ಕೊಳೆಯುತ್ತದೆ. ದರ ಎದ್ದ ದಿನ ಲಾರಿ ಹೊರಡಲೇಬೇಕು. ಆ ವಾರಗಳಲ್ಲಿ ಐದನೇ ತರಗತಿಯ ಮೇಲಿನ ಬೆಂಚುಗಳು ಖಾಲಿಯಾಗುತ್ತವೆ. ಅದು ಮುಗಿಯುವಷ್ಟರಲ್ಲಿ ಮೆಕ್ಕೆಜೋಳ ಮುರಿಯುವ ಕೆಲಸ.

ಮಕ್ಕಳನ್ನು ಕೂಲಿಗೆ ಕರೆದೊಯ್ಯುವುದನ್ನು ನಾನು ಒಪ್ಪುವುದಿಲ್ಲ. ಅದನ್ನು ಪಾಲಕರ ಎದುರಿಗೇ ಹೇಳುತ್ತೇನೆ, ಕಾನೂನನ್ನೂ ನೆನಪಿಸುತ್ತೇನೆ. ಆದರೆ ತನ್ನ ಹೊಲದ ಬೆಳೆ ಕಣ್ಣೆದುರೇ ಹಾಳಾಗುವಾಗ ಅವ್ವನ ಜೊತೆ ನಿಂತ ಹನ್ನೊಂದು ವರ್ಷದ ಹುಡುಗನನ್ನು ಮರುದಿನ ತರಗತಿಯಲ್ಲಿ ಎದ್ದು ನಿಲ್ಲಿಸಿ ಬೈದರೆ ಅವನು ಮೂರನೇ ದಿನವೂ ಬರುವುದಿಲ್ಲ. ಅದಕ್ಕೆ ನಾನು ಪಾಠದ ಕ್ರಮವನ್ನೇ ಬದಲಿಸಿದೆ. ಭಿನ್ನರಾಶಿಯಂಥ ಹೊಸ, ಕಷ್ಟದ ಅಧ್ಯಾಯಗಳನ್ನು ಹಾಜರಿ ತುಂಬಿರುವ ಜುಲೈ, ಆಗಸ್ಟಿಗೆ ತಂದುಕೊಂಡೆ. ಈರುಳ್ಳಿಯ ವಾರಗಳಿಗೆ ಪುನರಾವರ್ತನೆ, ಗಟ್ಟಿ ಓದು, ಬಾಯಿ ಲೆಕ್ಕ ಇಟ್ಟೆ. ತೂಕ, ಬೆಲೆ, ಲಾಭ, ನಷ್ಟದ ಲೆಕ್ಕಗಳಿಗೆ ಅದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಚೀಲಕ್ಕೆ ಎಷ್ಟು ಕಿಲೋ, ಕ್ವಿಂಟಲಿಗೆ ಏನು ದರ, ಲಾರಿ ಬಾಡಿಗೆ ಕಳೆದರೆ ಕೈಗೆ ಎಷ್ಟು ಎಂದು ಕೇಳಿದರೆ ಹಿಂದಿನ ಬೆಂಚಿನ ಹುಡುಗರು ಮೊದಲು ಕೈ ಎತ್ತುತ್ತಾರೆ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಶಾಲೆ ಅಷ್ಟು ದಿನ ನಡೆದೇ ನಡೆಯುತ್ತದೆ. ಆ ದಿನಗಳಲ್ಲಿ ಮಗು ಎಷ್ಟು ದಿನ ಕೂತಿತ್ತು ಎಂಬುದನ್ನು ನೋಡಿಕೊಳ್ಳುವುದು ನಮಗೆ ಬಿಟ್ಟದ್ದು.

2025ರ ದಸರಾ ರಜೆ ಮಾತ್ರ ಎಲ್ಲ ಲೆಕ್ಕವನ್ನೂ ಮೀರಿ ಬೆಳೆಯಿತು. ಸೆಪ್ಟೆಂಬರ್ 20ಕ್ಕೆ ರಜೆ ಶುರುವಾಯಿತು, 22ಕ್ಕೆ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಗಣತಿದಾರರು ನಾವೇ. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ರಜೆ 18ರವರೆಗೆ ವಿಸ್ತರಣೆಯಾಯಿತು, ಅದರ ಬೆನ್ನಿಗೇ ದೀಪಾವಳಿ. ಮೊಬೈಲ್ ಹಿಡಿದು ಮನೆಮನೆ ಸುತ್ತಿದ ಆ ದಿನಗಳಲ್ಲಿ ದಣಿವೂ ಇತ್ತು, ತಿಳಿವಳಿಕೆಯೂ ಸಿಕ್ಕಿತು. ಬೇರೆ ಊರಿನ ಮನೆಗಳಲ್ಲೂ ನನ್ನ ಕಣ್ಣು ಮೊದಲು ಹುಡುಕಿದ್ದು ಮಗುವಿಗೆ ಓದಲು ಜಾಗ ಎಲ್ಲಿದೆ ಎಂದೇ. ಒಂದೇ ಬಲ್ಬು, ಅದೂ ಒಲೆಯ ಕಡೆ. ಟ್ರಂಕಿನ ಮೇಲೆ ಇಟ್ಟ ಪಾಟೀಚೀಲದ ಮೇಲೆ ಈರುಳ್ಳಿ ಸಿಪ್ಪೆ. ಮನೆಗೆಲಸ ಮಾಡಿಲ್ಲ ಎಂದು ಹಾಕುವ ಕೆಂಪು ಗೆರೆಗೆ ಇಂಥ ಮನೆಯಲ್ಲಿ ಏನು ಅರ್ಥ? ಅಂದಿನಿಂದ ನಾನು ಮನೆಗೆಲಸ ಕೊಡುವುದನ್ನು ಕಡಿಮೆ ಮಾಡಿ, ಸಂಜೆ ಗಂಟೆಗೆ ಮೊದಲಿನ ಅರ್ಧ ಗಂಟೆಯನ್ನು ಅದೇ ಬರವಣಿಗೆಗೆ ಮೀಸಲಿಟ್ಟಿದ್ದೇನೆ.

ಆದರೆ ರಜೆ ಮುಗಿಸಿ ಬಂದ ಎರಡನೇ ತರಗತಿಯ ಮಕ್ಕಳಲ್ಲಿ ಹಲವರಿಗೆ ಒತ್ತಕ್ಷರ ಮರೆತಿತ್ತು. ಸಣ್ಣ ಮಕ್ಕಳ ಕಲಿಕೆ ಅಷ್ಟು ದಿನದ ಬಿಡುವು ತಡೆದುಕೊಳ್ಳುವುದಿಲ್ಲ. ಇಂಥ ಸಮೀಕ್ಷೆಗಳು ನಾಡಿಗೆ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಅವನ್ನು ಪಾಠದ ದಿನಗಳಿಗೆ ಚಾಚದಂತೆ ಮೊದಲೇ ಯೋಜಿಸಬೇಕು ಎನ್ನುವುದರಲ್ಲೂ ಅನುಮಾನವಿಲ್ಲ. ಕಳೆದ ದಿನಗಳನ್ನು ಹೆಚ್ಚುವರಿ ತರಗತಿ ಮಾಡಿ ತುಂಬಿದೆವು. ಹಳ್ಳಿಯ ಶಾಲೆಯಲ್ಲಿ ಹೆಚ್ಚುವರಿ ತರಗತಿಗೆ ಉಳಿಯುವುದು ಉಳಿಯಬಲ್ಲ ಮಕ್ಕಳು ಮಾತ್ರ. ಯಾರಿಗೆ ಹೆಚ್ಚು ಬೇಕಿತ್ತೋ ಅವರು ಎಮ್ಮೆ ಕಟ್ಟಲು ಮನೆಗೆ ಓಡಿರುತ್ತಾರೆ.

ಮಾಘ, ಫಾಲ್ಗುಣ ನಮ್ಮ ಜಿಲ್ಲೆಯಲ್ಲಿ ಜಾತ್ರೆಯ ಕಾಲ. ಹಿರಿಯೂರಿನ ತೇರುಮಲ್ಲೇಶ್ವರ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ, ಊರೂರಿನ ದ್ಯಾಮವ್ವ, ಮಾರಮ್ಮ. ಪರೀಕ್ಷೆ ಹತ್ತಿರ ಬಂದಿರುವಾಗ ಮಕ್ಕಳು ತೇರಿಗೆ ಹೋಗುತ್ತಾರಲ್ಲ ಎಂದು ಕೆಲವು ಶಿಕ್ಷಕರು ಕಳವಳ ಪಡುತ್ತಾರೆ. ನನಗೆ ಜಾತ್ರೆ ಶಾಲೆಯ ದೊಡ್ಡ ಅವಕಾಶವಾಗಿ ಕಂಡಿದೆ. ಬೆಂಗಳೂರು ಸೇರಿದ ಹಳೆಯ ವಿದ್ಯಾರ್ಥಿಗಳು, ಕಾಫಿ ಸೀಮೆಗೆ ಕೂಲಿಗೆ ಹೋದ ತಾಂಡಾದ ತಂದೆತಾಯಿಯರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಎಲ್ಲರೂ ಊರಲ್ಲಿ ಸಿಗುವುದು ಆ ಎರಡು ಮೂರು ದಿನ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ಬೇರೆ ದಿನಗಳಲ್ಲಿ ಕೋರಂ ಸಿಗುವುದೇ ಕಷ್ಟ. ತೇರಿನ ಮರುದಿನ ಬೆಳಿಗ್ಗೆ ಕರೆದ ಸಭೆಗೆ ವರಾಂಡ ತುಂಬಿತು. ಹುಡುಗಿಯರ ಶೌಚಾಲಯಕ್ಕೆ ನೀರಿನ ಪೈಪು ಎಳೆಸಿಕೊಟ್ಟವರು ಆ ಸಭೆಗೆ ಬಂದ ಹಳೆಯ ವಿದ್ಯಾರ್ಥಿಗಳು. ಹೀಗಾಗಿ ಸ್ಥಳೀಯ ರಜೆಗಳನ್ನು ಯಾವ ದಿನಕ್ಕೆ ಇಡಬೇಕೆಂದು ಜೂನಿನಲ್ಲೇ ಊರ ಹಿರಿಯರ ಜೊತೆ ಕೂತು ಗುರುತು ಹಾಕಿಕೊಳ್ಳುತ್ತೇವೆ. ನಾವು ಕೇಳಿ ರಜೆ ಇಟ್ಟೆವು ಎಂಬ ಕಾರಣಕ್ಕೇ ಉಳಿದ ದಿನ ಮಕ್ಕಳನ್ನು ಕಳಿಸಿ ಎಂದು ಹೇಳುವ ಬಾಯಿ ನಮಗಿರುತ್ತದೆ.

ಶೈಕ್ಷಣಿಕ ಪ್ರವಾಸದ ವಿಷಯ ಹೇಳದೆ ಮುಂದೆ ಹೋಗಲಾರೆ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ, ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ಹಿರಿಯೂರಿನ ದಾರಿಯಲ್ಲಿ ಜನವೋ ಜನ. ನಮ್ಮ ಮಕ್ಕಳು ಮೈಸೂರು, ಹಂಪಿ ಎಂದು ಪಟ್ಟಿ ಹಿಡಿದು ಕೂತಿದ್ದವರು ಒಮ್ಮೆಲೇ ಮಾರಿಕಣಿವೆ, ಮಾರಿಕಣಿವೆ ಎಂದು ಶುರು ಮಾಡಿದರು. ದೂರದ ಪ್ರವಾಸಕ್ಕೆ ದುಡ್ಡು ಹೊಂದಿಸಲಾಗದೆ ಉಳಿಯುವ ಮಕ್ಕಳೂ ಆ ಸಲ ಬಸ್ಸು ಹತ್ತಿದರು. ಎರಡು ಗುಡ್ಡದ ನಡುವೆ ವೇದಾವತಿಯನ್ನು ನಿಲ್ಲಿಸಿದ ಆ ಕಟ್ಟೆ 1907ಕ್ಕೆ ಮುಗಿದದ್ದು ಎಂದು ಹೇಳಿದಾಗ ಒಬ್ಬಳು, ನಮ್ಮ ತಾತನ ತಾತ ನೋಡಿರ್ತಾನಾ ಎಂದು ಕೇಳಿದಳು. ಹತ್ತಿರದ ಜಾಗಕ್ಕೆ ಎಲ್ಲರೂ ಹೋಗುವುದು ದೂರದ ಜಾಗಕ್ಕೆ ಅರ್ಧ ತರಗತಿ ಹೋಗುವುದಕ್ಕಿಂತ ಎಷ್ಟೋ ಮೇಲು. ಈಗ ನಮ್ಮ ಶಾಲೆಯ ಪ್ರವಾಸ ಜಿಲ್ಲೆಯೊಳಗೇ: ಒಂದು ವರ್ಷ ದುರ್ಗದ ಕೋಟೆ, ಒಂದು ವರ್ಷ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಮಂದಿರ.

ಇನ್ನು ಬೇಸಿಗೆ. ಏಪ್ರಿಲ್ 10ರ ಫಲಿತಾಂಶ ಓದಿದ ಮಧ್ಯಾಹ್ನ ಶಾಲೆ ಬಿಕೋ ಎನ್ನುತ್ತದೆ. ಆ ದಿನದಿಂದ ನಿಲ್ಲುವುದು ಪಾಠ ಮಾತ್ರವಲ್ಲ. 2003ರಿಂದ ನಮ್ಮ ಕಡೆಗೂ ಬಂದ ಅಕ್ಷರ ದಾಸೋಹದ ಊಟ, 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, ಈಚೆಗೆ ವಾರದಲ್ಲಿ ಆರು ದಿನ ಸಿಗುತ್ತಿರುವ ಮೊಟ್ಟೆ, ಇವೆಲ್ಲ ಒಟ್ಟಿಗೇ ನಿಲ್ಲುತ್ತವೆ. ಜೂನಿನಲ್ಲಿ ಕೆಲವು ಮಕ್ಕಳ ಕೆನ್ನೆ ಒಳಗೆ ಹೋಗಿರುವುದು ಯಾವ ಶಿಕ್ಷಕಿಯ ಕಣ್ಣಿಗೂ ಕಾಣುತ್ತದೆ.

2024 ಇದಕ್ಕೆ ಹೊರತು. ಹಿಂದಿನ ವರ್ಷದ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿದ್ದವು, ಚಿತ್ರದುರ್ಗ ಜಿಲ್ಲೆಯೂ ಅದರಲ್ಲಿತ್ತು. ಬರದ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು ಸರ್ಕಾರ ಆದೇಶಿಸಿತು. ಬಿಸಿಲಿಗೆ ಯಾರು ಬರುತ್ತಾರೆ ಎಂಬ ಮಾತು ಎಲ್ಲ ಕಡೆ ಕೇಳಿಬಂತು. ಬಂದವರು ಕಡಿಮೆಯೇ. ಆದರೆ ಯಾರು ಬಂದರು ಎಂದು ನೋಡಿದರೆ ನನ್ನ ನೋಟ್‌ಬುಕ್ಕಿನಲ್ಲಿ “ಎಲ್ಲಿಗೂ ಇಲ್ಲ” ಎಂದು ಬರೆದುಕೊಂಡಿದ್ದ ಹೆಸರುಗಳೇ. ಸೊಂಟದ ಮೇಲೆ ತಮ್ಮನನ್ನು ಕೂರಿಸಿಕೊಂಡು ಬಂದ ಹುಡುಗಿಗೆ ಅಡುಗೆಯ ಅಕ್ಕ ಎರಡು ತಟ್ಟೆ ಹಾಕಿದರು. ಯಾವ ಮಗು ರಾತ್ರಿ ಉಂಡಿಲ್ಲ ಎನ್ನುವುದು ಅನ್ನ ಬಡಿಸುವಾಗಲೇ ಅವರಿಗೆ ಗೊತ್ತಾಗುತ್ತದೆ. ಆ ಜ್ಞಾನ ನನಗಿಲ್ಲ. ಊಟಕ್ಕೆ ಬಂದವರು ಹಾಗೇ ಹೋಗುವುದು ಬೇಡವೆಂದು ಗ್ರಂಥಾಲಯದ ಕಪಾಟಿನ ಬೀಗ ತೆಗೆದೆ. ಏಪ್ರಿಲ್ 26ರ ಲೋಕಸಭಾ ಚುನಾವಣೆಗೆ ಕೊಠಡಿಗಳನ್ನು ಮತಗಟ್ಟೆಗೆ ಬಿಟ್ಟುಕೊಟ್ಟ ದಿನಗಳನ್ನು ಬಿಟ್ಟರೆ ವರಾಂಡದಲ್ಲಿ ಓದು ನಡೆದೇ ಇತ್ತು. ಚಿತ್ರ ನೋಡುತ್ತಾ ಕೂತವರು ಮೇ ನಡುವಿನ ಹೊತ್ತಿಗೆ ಒಬ್ಬರಿಗೊಬ್ಬರು ಕತೆ ಓದಿ ಹೇಳುತ್ತಿದ್ದರು. ಜೂನಿನಲ್ಲಿ ತರಗತಿಯಲ್ಲಿ ಮೊದಲು ಗಟ್ಟಿಯಾಗಿ ಓದಿದವರು ಇವರೇ. ವರ್ಷವಿಡೀ ಹಿಂದುಳಿದವರು ಎಂಬ ಪಟ್ಟಿಯಲ್ಲಿದ್ದ ಮಕ್ಕಳು!

ಮಳೆ ಬಂದ ವರ್ಷ ಈ ಊಟ ಇರುವುದಿಲ್ಲ. ಬರ ಘೋಷಣೆಯಾಗದ ಬೇಸಿಗೆಯಲ್ಲೂ ಆ ಮನೆಗಳಲ್ಲಿ ಮಧ್ಯಾಹ್ನದ ಒಲೆ ಉರಿಯುವುದು ಅನುಮಾನವೇ. ನಮ್ಮ ಜಿಲ್ಲೆಯಂಥ ಒಣ ನಾಡಿನಲ್ಲಿ ಬೇಸಿಗೆಯ ಬಿಸಿಯೂಟ ಬರ ಪರಿಹಾರದ ಬಾಬ್ತಾಗಿ ಉಳಿಯಬಾರದು, ಪ್ರತಿ ವರ್ಷದ ಶಾಲಾ ಕ್ರಮವಾಗಬೇಕು. ಅಡುಗೆಯವರಿಗೆ ಗೌರವಧನ ಸಿಗುವುದು ವರ್ಷದಲ್ಲಿ ಹತ್ತು ತಿಂಗಳಿಗೆ. ಬೇಸಿಗೆಯಲ್ಲೂ ಒಲೆ ಹಚ್ಚಿದರೆ ಅವರಿಗೂ ಆ ಎರಡು ತಿಂಗಳು ಕೈ ಬರಿದಾಗುವುದಿಲ್ಲ. ಜೊತೆಗೆ, ಸರ್ಕಾರ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ತೆರೆಯಲು ಹೊರಟ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳು ಸುಗ್ಗಿಯ ವಾರಗಳಲ್ಲಿ ತಪ್ಪದೆ ನಡೆದರೆ, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲುಳಿಯುವ ಹುಡುಗಿ ಶಾಲೆಗೆ ಬರುತ್ತಾಳೆ.

ಈ ಎರಡನ್ನೂ ಕೇಳಿ ನಮ್ಮ ಶಾಲಾಭಿವೃದ್ಧಿ ಸಮಿತಿ ನಡಾವಳಿ ಬರೆದಿದೆ. ಒಂದು ಪ್ರತಿ ಪಂಚಾಯಿತಿಗೆ, ಒಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ. ಸಹಿ ಹಾಕಿದವರಲ್ಲಿ ಸಮಿತಿಯ ಸದಸ್ಯರ ಜೊತೆ ಇಬ್ಬರು ಅಡುಗೆಯವರೂ ಇದ್ದಾರೆ. ಹೋಬಳಿಯ ಉಳಿದ ಶಾಲೆಗಳೂ ಹೀಗೆ ಬರೆದು ಕಳಿಸಲಿ ಎಂದು ಕೇಳಿಕೊಳ್ಳುತ್ತೇನೆ. ನಡಾವಳಿಯ ನಕಲು ಬೇಕೆಂದವರಿಗೆ ಕೊಡುತ್ತೇವೆ.