ಹೆಸರಿನ ಮರೆವು: ಅಂಜಿಕೆ ಬೇಡ, ಎಚ್ಚರವಿರಲಿ

ಜಾತ್ರೆಯಲ್ಲಿಯೋ ದಾಸೋಹದ ಪಂಕ್ತಿಯಲ್ಲಿಯೋ ಪರಿಚಿತರೊಬ್ಬರು ಎದುರಾಗಿ ‘ಶರಣಾರ್ಥಿ’ ಎನ್ನುತ್ತಾರೆ. ಮುಖ ಗೊತ್ತು, ಊರು ಗೊತ್ತು. ಹೆಸರು ಮಾತ್ರ ನಾಲಿಗೆಯ ತುದಿಯಲ್ಲಿಯೇ ನಿಂತುಬಿಡುತ್ತದೆ. ಈ ಮುಜುಗರಕ್ಕೆ ಅಂಜಿ ನಮ್ಮ ಕೆಲವು ಹಿರಿಯರು ಜನರ ನಡುವೆ ಬರುವುದನ್ನೇ ಬಿಡುತ್ತಾರೆ. ಅದಕ್ಕೆ ಕಾರಣವಿಲ್ಲ.

ಮುಖ ಉಳಿದು ಹೆಸರು ಅಳಿಯುವುದೇಕೆ? ಬ್ರಿಟನ್ನಿನ ಮನೋವಿಜ್ಞಾನಿಗಳು 1987ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಪರಿಚಿತ ಮುಖಗಳೊಡನೆ ಒಂದೇ ಶಬ್ದವನ್ನು ಕೆಲವರಿಗೆ ಮನೆತನದ ಹೆಸರೆಂದೂ ಕೆಲವರಿಗೆ ವೃತ್ತಿಯೆಂದೂ ಕಲಿಸಲಾಯಿತು. ವೃತ್ತಿಯೆಂದು ಕಲಿತದ್ದೇ ಹೆಚ್ಚು ನೆನಪಿನಲ್ಲಿ ಉಳಿಯಿತು. ‘ಇವರು ಬಡಿಗರು’ ಎಂದೊಡನೆ ಉಳಿ, ಬಾಚಿ, ಕಟ್ಟಿಗೆಯ ವಾಸನೆ ಮನದಲ್ಲಿ ಮೂಡುತ್ತವೆ. ‘ಇವರ ಅಡ್ಡಹೆಸರು ಬಡಿಗೇರ’ ಎಂದರೆ ಅಂತಹ ಆಸರೆ ಸಿಗದು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ ಎಂಬ ಹೆಸರುಗಳು ಕಾಯಕದೊಡನೆ ಕೂಡಿರುವುದರಿಂದಲೇ ಮಕ್ಕಳಿಗೂ ಸುಲಭವಾಗಿ ನೆನಪಿರುತ್ತವೆ.

ನಾವೂ ಇದನ್ನೇ ಅನುಸರಿಸಬಹುದು. ಹೆಸರು ಸರಿಯಾಗಿ ಕೇಳಿಸದಿದ್ದರೆ ಕೂಡಲೇ ಮತ್ತೊಮ್ಮೆ ಕೇಳಬೇಕು. ಮಾತಿನ ನಡುವೆ ಆ ಹೆಸರನ್ನು ಒಂದೆರಡು ಸಲ ಉಚ್ಚರಿಸಿ, ಊರು ಹಾಗೂ ಕಾಯಕದೊಡನೆ ಜೋಡಿಸಿಕೊಳ್ಳಬೇಕು. ಕಲಿತದ್ದು ಮೊದಲಲ್ಲಿ ಬೇಗ, ಆಮೇಲೆ ನಿಧಾನವಾಗಿ ಮರೆತುಹೋಗುತ್ತದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿಕೊಟ್ಟರು. ಆದ್ದರಿಂದ ಅಂದು ರಾತ್ರಿ ಮಲಗುವ ಮುನ್ನ, ಮತ್ತೆ ಮರುದಿನ, ಆ ಹೆಸರನ್ನು ನೆನೆಯುವುದು ಒಳಿತು. ಒಳ್ಳೆಯ ನಿದ್ರೆಯೂ ನೆನಪನ್ನು ಗಟ್ಟಿಗೊಳಿಸುತ್ತದೆ.

ಪರಿಚಿತರ ಹೆಸರು ತಡವಾಗಿ ನೆನಪಾಗುವುದು ವಯಸ್ಸಿನೊಡನೆ ಬರುವ ಸಹಜ ಸಂಗತಿ. ಆದರೆ ಮಕ್ಕಳು ಮೊಮ್ಮಕ್ಕಳ ಹೆಸರೇ ಮರೆಯುವುದು, ಕೇಳಿದ್ದನ್ನೇ ಪದೇ ಪದೇ ಕೇಳುವುದು, ನಡೆದಾಡಿದ ಓಣಿಯಲ್ಲಿಯೇ ದಾರಿ ತಪ್ಪುವುದು, ಹಣದ ಲೆಕ್ಕ ತಪ್ಪುತ್ತಿರುವುದು ಕಂಡುಬಂದರೆ ವೈದ್ಯರಲ್ಲಿಗೆ ಹೋಗಲೇಬೇಕು. ಅದೆಲ್ಲವೂ ವಾಸಿಯಾಗದ ಮರೆವಿನ ರೋಗವೇ ಎಂದು ಎದೆಗುಂದಬಾರದು. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ದೋಷ, ಖಿನ್ನತೆ, ಕೆಲವು ಮಾತ್ರೆಗಳಿಂದಲೂ ಮರೆವು ಬರುತ್ತದೆ, ಇವುಗಳಿಗೆ ಪರಿಹಾರವುಂಟು. ಕಿವಿ ಮಂದವಾಗಿದ್ದರೂ ಹೆಸರು ಮನಸ್ಸಿಗೆ ತಲುಪುವುದಿಲ್ಲ, ಅದನ್ನೂ ಪರೀಕ್ಷಿಸಿಕೊಳ್ಳಬೇಕು.

ಕಿರಿಯರಿಗೂ ಒಂದು ಮಾತು. ಹಿರಿಯರ ಮುಂದೆ ನಿಂತು ‘ನಾನು ಯಾರು, ಹೇಳಿ ನೋಡೋಣ’ ಎಂದು ಪರೀಕ್ಷಿಸುವುದು ಬೇಡ. ಪಾದ ಮುಟ್ಟುವಾಗಲೇ ನಮ್ಮ ಹೆಸರನ್ನೂ ಊರನ್ನೂ ನಾವೇ ಹೇಳೋಣ. ಅವರ ಸಂಕೋಚ ಕಳೆದು ಮಾತು ಮುಂದುವರಿಯುತ್ತದೆ. ಅವರು ಮುಂದಿನ ಜಾತ್ರೆಗೂ ನಿಶ್ಚಿಂತೆಯಿಂದ ಬರುತ್ತಾರೆ.