ಜರ್ಮನಿಯ ಬಾಡಿಗೆ ಫ್ಲ್ಯಾಟು: ಏಜೆನ್ಸಿ ಬಿಡಿಸಿ ನಾವೇ ನೋಡಿಕೊಳ್ಳೋಣವೇ?

ಎರಡು ವರ್ಷದ ಹಿಂದೆ ನಮ್ಮ ಬಾಡಿಗೆದಾರರ ಅಂಚೆಪೆಟ್ಟಿಗೆಗೆ ಒಂದು ಲಕೋಟೆ ಜನವರಿ 2ಕ್ಕೆ ಬಿತ್ತು. ಎರಡೇ ದಿನ ತಡ. ನಮಗೆ ಬರಬೇಕಿದ್ದ 312 ಯೂರೊ ಹೋಯಿತು. ಹೀಟಿಂಗ್, ನೀರು, ಕಸದ ಖರ್ಚಿಗೆ ಅಲ್ಲಿ ‘ನೆಬೆನ್‌ಕೋಸ್ಟೆನ್’ ಎನ್ನುತ್ತಾರೆ. ಲೆಕ್ಕದ ವರ್ಷ ಮುಗಿದ 12 ತಿಂಗಳೊಳಗೆ ಅದರ ವಾರ್ಷಿಕ ಲೆಕ್ಕ ಬಾಡಿಗೆದಾರರ ಕೈ ಸೇರಬೇಕು. ಅಂಚೆಗೆ ಹಾಕಿದ ದಿನ ಲೆಕ್ಕಕ್ಕಿಲ್ಲ. ತಡ ಮಾಡಿದ್ದು ನಾವು ಗೊತ್ತುಮಾಡಿದ್ದ ಸಂಸ್ಥೆ. ಕಾನೂನಿನ ಕಣ್ಣಿಗೆ ಅದು ಮಾಲೀಕರದೇ ತಡ.

ಹಾಗಂತ ಸಿಟ್ಟಿನಲ್ಲಿ ಏಜೆನ್ಸಿ ಬಿಡಿಸಬೇಡಿ. ಮೊದಲು ಯಾರನ್ನು ಬಿಡಿಸುತ್ತೀರಿ ಎಂದು ನೋಡಿ. ಇಡೀ ಕಟ್ಟಡ ನೋಡಿಕೊಳ್ಳುವವರನ್ನು ನೇಮಿಸುವುದು ಮಾಲೀಕರ ಸಭೆ. ಅವರನ್ನು ನೀವೊಬ್ಬರೇ ತೆಗೆಯಲಾಗದು. ನಿಮ್ಮ ಕೈಯಲ್ಲಿರುವುದು ನಿಮ್ಮ ಫ್ಲ್ಯಾಟಿನ ಒಪ್ಪಂದ ಮಾತ್ರ.

ಉಳಿತಾಯವೆಷ್ಟು? ಏಜೆನ್ಸಿಯ ಶುಲ್ಕ ತಿಂಗಳಿಗೆ 30 ಯೂರೊ ಎಂದುಕೊಂಡರೆ, 19% ವ್ಯಾಟ್ ಸೇರಿ ವರ್ಷಕ್ಕೆ 428 ಯೂರೊ. ಇದನ್ನು ಬಾಡಿಗೆದಾರರ ಮೇಲೆ ಹಾಕುವಂತಿಲ್ಲ, ಆದರೆ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸಬಹುದು. ಹಾಗಾಗಿ ನಿಜವಾದ ಉಳಿತಾಯ ಇನ್ನೂ ಕಡಿಮೆ. ದುಡ್ಡಿಗಾಗಿಯೇ ಇದಕ್ಕೆ ಕೈಹಾಕಬೇಡಿ.

ನನ್ನ ಮಟ್ಟಿಗೆ ನಿರ್ಧಾರ ನಿಂತಿರುವುದು ನೀವಿರುವ ಊರಿನ ಮೇಲೆ. ಸ್ಟುಟ್‌ಗಾರ್ಟ್‌ನಲ್ಲೇ ಕೆಲಸ, ಫ್ಲ್ಯಾಟಿಗೆ ಅರ್ಧ ಗಂಟೆಯ ದಾರಿ ಎಂದಾದರೆ ಧೈರ್ಯವಾಗಿ ವಹಿಸಿಕೊಳ್ಳಿ. ಬೆಂಗಳೂರಿಗೆ ವಾಪಸಾಗುವವರಿದ್ದರೆ ಬೇಡ. ಜನವರಿಯ ರಾತ್ರಿ ಹತ್ತಕ್ಕೆ ಅಲ್ಲಿ ಹೀಟಿಂಗ್ ನಿಂತರೆ ಬೆಂಗಳೂರಿನಲ್ಲಿ ನಡುರಾತ್ರಿ ಎರಡೂವರೆ.

ವಹಿಸಿಕೊಳ್ಳುವುದಾದರೆ ಲೆಕ್ಕ ಕಲಿಯಿರಿ. ಕಟ್ಟಡದವರು ಕೊಡುವ ವಾರ್ಷಿಕ ಪಟ್ಟಿಯನ್ನು ಮೇಜಿನ ಮೇಲೆ ಹರಡಿ. ನಿರ್ವಹಣಾ ಶುಲ್ಕ, ರಿಪೇರಿ, ಮೀಸಲು ನಿಧಿ: ಈ ಮೂರೂ ನಿಮ್ಮ ಪಾಲು, ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ. ನಗರಸಭೆ ನೇರವಾಗಿ ನಿಮಗೆ ಕಳಿಸುವ ಆಸ್ತಿ ತೆರಿಗೆಯನ್ನು, ಬಾಡಿಗೆ ಕರಾರಿನಲ್ಲಿ ಒಪ್ಪಿದ್ದರೆ, ಸೇರಿಸಿ. ಗ್ಯಾಸ್ ಅಥವಾ ಎಣ್ಣೆಯ ಹೀಟಿಂಗ್ ಇದ್ದರೆ, 2023ರಿಂದ ಇಂಗಾಲದ ತೆರಿಗೆಯಲ್ಲೂ ಮಾಲೀಕರಿಗೆ ಪಾಲಿದೆ. ಕಟ್ಟಡ ಹೆಚ್ಚು ಹೊಗೆಯುಗುಳಿದಷ್ಟೂ ಆ ಪಾಲು ದೊಡ್ಡದು. ಹೀಗೆ ಹಳೆಯ ಒಂದು ವರ್ಷದ ಲೆಕ್ಕ ಮಾಡಿ, ಏಜೆನ್ಸಿಯ ಲೆಕ್ಕಕ್ಕೆ ತಾಳೆಯಾದ ಮೇಲೆ ನೋಟಿಸ್ ಕೊಡಿ.

ಬಿಡಿಸುವಾಗ ಮೂಲ ಬಾಡಿಗೆ ಕರಾರು, ಮೀಟರ್ ರೀಡಿಂಗ್ ಇರುವ ಹಸ್ತಾಂತರ ಪತ್ರ, ಕೀಲಿಗಳು, ನೀವು ಕೊಟ್ಟಿದ್ದ ಅಧಿಕಾರ ಪತ್ರ ವಾಪಸ್ ಪಡೆಯಿರಿ. ಅಡ್ವಾನ್ಸ್ ಹಣದ ಖಾತೆಯ ಕಾಗದವನ್ನಂತೂ ಮರೆಯಬೇಡಿ. ಅಲ್ಲಿ ಅಡ್ವಾನ್ಸ್ ಮೂರು ತಿಂಗಳ ಮೂಲ ಬಾಡಿಗೆ ಮೀರುವಂತಿಲ್ಲ. ನಿಮ್ಮ ಹಣದೊಂದಿಗೆ ಬೆರೆಸದೆ ಬೇರೆ ಖಾತೆಯಲ್ಲಿಡಬೇಕು. ಬೆಂಗಳೂರಿನಂತೆ ಹತ್ತು ತಿಂಗಳದ್ದು ತೆಗೆದುಕೊಂಡು ಕೈಖರ್ಚಿಗೆ ಬಳಸುವ ರೂಢಿ ಅಲ್ಲಿ ನಡೆಯದು.

ಹೊಸಬರು ಬಂದರೆ ಎರಡು ವಾರದೊಳಗೆ ವಾಸದ ದೃಢೀಕರಣ ಪತ್ರ ಕೊಡಬೇಕು. ಮನೆ ಬಿಡುವ ನೋಟಿಸ್ ವಾಟ್ಸ್‌ಆ್ಯಪಿನಲ್ಲಿ ನಡೆಯದು. ಕಾಗದ, ಸಹಿ ಬೇಕು. ಸಂದೇಹ ಬಂದರೆ ಕೇಳಲು ಮನೆ ಮಾಲೀಕರ ಸಂಘ ‘ಹೌಸ್ ಉಂಡ್ ಗ್ರುಂಡ್’ನ ಸ್ಥಳೀಯ ಶಾಖೆಗೆ ಸದಸ್ಯರಾಗಿ.

ಈಗ ನಮ್ಮ ಲೆಕ್ಕದ ಲಕೋಟೆ ಅಂಚೆಗೆ ಹೋಗುವುದಿಲ್ಲ. ನವೆಂಬರಿನ ಒಂದು ಶನಿವಾರ ನಾನೇ ಹೋಗಿ, ಪಕ್ಕದ ಮನೆಯವರ ಎದುರು ಪೆಟ್ಟಿಗೆಗೆ ಹಾಕಿ, ದಿನಾಂಕ ಬರೆದು ಅವರ ಸಹಿ ಪಡೆದು ಬರುತ್ತೇನೆ.